ಸಮುದ್ರಕ್ಕಿಳಿಯದ ಕಂಪೌಂಡರ್

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ತಿಂಗಳು ತಡವಾಗಿ. ಅವರ ಮಗಳು ಬರೆದ ಕಾರ್ಡು ಮೊದಲು ವಡಾಲದ ನಮ್ಮ ಹಳೆಯ ಮನೆಗೆ ಹೋಗಿ, ಅಲ್ಲಿ ಯಾರದೋ ಕಿಟಕಿಯಲ್ಲಿ ಕೂತು, ಆಮೇಲೆ ಮುಲುಂಡಿಗೆ ಬಂತು. ಅಪ್ಪ ಹೋದರು, ಹೆಚ್ಚು ನರಳಲಿಲ್ಲ, ನಿಮ್ಮ ಮಾತು ಆಗಾಗ ತೆಗೆಯುತ್ತಿದ್ದರು ಎಂದು ಬರೆದಿದ್ದಳು. ಓದಿ ಅಳು ಬಂತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಏನೋ ನೆನಪಾಗಿ ನಗುವೂ ಬಂದುಬಿಟ್ಟಿತು. ಪೇಪರ್ ಓದುತ್ತಿದ್ದ ನನ್ನ ಗಂಡ ಕನ್ನಡಕದ ಮೇಲಿಂದ ನೋಡಿ, ಯಾರು ಸತ್ತದ್ದು ಅಂತ ಕೇಳಬೇಕೋ ಯಾರು ಹುಟ್ಟಿದ್ದು ಅಂತ ಕೇಳಬೇಕೋ ತಿಳಿಯುತ್ತಿಲ್ಲ ಎಂದರು.

ಅವರ ಹೆಸರು ಬರೆಯುವುದಿಲ್ಲ. ಮಗಳು ಈಗ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್. ನಾನು ಇಲ್ಲಿ ಅವರನ್ನು ಸುಳ್ಳುಗಾರರು ಎಂದು ಕರೆಯಲೇಬೇಕಾಗಿದೆ, ಅಪ್ಪನ ಹೆಸರನ್ನು ಆ ಮಾತಿನ ಪಕ್ಕದಲ್ಲಿ ಅಚ್ಚಾಗಿ ನೋಡುವುದು ಅವಳಿಗೆ ಬೇಡ. ರೋಗಿಗಳೆಲ್ಲ ಅವರನ್ನು ಮಾಮಾ ಎನ್ನುತ್ತಿದ್ದರು. ನಾನು ಮಾತ್ರ ಬಿಗುಮಾನದಿಂದ ಕಂಪೌಂಡರ್ ಎನ್ನುತ್ತಿದ್ದೆ.

ಮೈಸೂರಿನಲ್ಲಿ ಡಾಕ್ಟರಿ ಮುಗಿಸಿ, ಬಂದರಿನ ಕಚೇರಿಯಲ್ಲಿ ಕೆಲಸವಿದ್ದವರನ್ನು ಮದುವೆಯಾಗಿ ನಾನು ಮುಂಬಯಿಗೆ ಬಂದಾಗ ಅರವತ್ತರ ದಶಕ ಮುಗಿಯುತ್ತಿತ್ತು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಚೌಪಾಟಿಯ ಕಡೆಗೆ ಹೋಗುವ ಒಂದು ಗಲ್ಲಿಯ ಧರ್ಮಾರ್ಥ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಮುಂದಿನ ಕೋಣೆಯಲ್ಲಿ ಬೆಂಚು, ಔಷಧಿಯ ಕಪಾಟು, ಡ್ರೆಸಿಂಗ್ ಮೇಜು. ಒಂದು ಹಸಿರು ಪರದೆ, ಅದರ ಹಿಂದೆ ನಾನು. ಇನ್ನೂ ಹಿಂದೆ ಒಂದೇ ಕಿಟಕಿಯ ಕೋಣೆಯಲ್ಲಿ ಕಂಪೌಂಡರರ ಸಂಸಾರ, ಅಂದರೆ ಅವರು, ಹೆಂಡತಿ, ಒಬ್ಬಳೇ ಮಗಳು. ಆ ಕೋಣೆ ಕೆಲಸದ ಜೊತೆಗೆ ಟ್ರಸ್ಟಿನವರು ಕೊಟ್ಟದ್ದು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು.

ಬಿಜಾಪುರ ಕಡೆಯ ಎತ್ತರದ ಮನುಷ್ಯ. ಕಚ್ಚೆ ಹಾಕಿದ ಬಿಳಿ ಧೋತರ, ಖಾಕಿ ಕೋಟು, ಅದರ ಕೆಳಗೆ ಚೋರ್ ಬಜಾರಿನಲ್ಲಿ ಕೊಂಡ ಮಿಲಿಟರಿ ಬೂಟು. ಧೋತರಕ್ಕೂ ಬೂಟಿಗೂ ಯಾವ ಜನ್ಮದ ನೆಂಟಸ್ತಿಕೆಯೋ ನನಗೆ ತಿಳಿಯಲಿಲ್ಲ. ಬೂಟು ಯಾಕೆ ಎಂದು ಕೇಳಿದಾಗ, ಈ ಊರಿನಲ್ಲಿ ಸಮುದ್ರ ಎಲ್ಲಿಂದ ಬರುತ್ತದೆ ಹೇಳಲಿಕ್ಕಾಗುವುದಿಲ್ಲ ಎಂದರು. ತಮಾಷೆಯಲ್ಲ, ಅವರಿಗೆ ಸಮುದ್ರ ಕಂಡರೆ ನಿಜವಾಗಿಯೂ ಆಗುತ್ತಿರಲಿಲ್ಲ. ನೀರಿಗೆ ಎರಡು ಮೈಲಿ ನಡೆದು ಬೆಳೆದವರಿಗೆ ಅದು ಒಂದು ಅವಮಾನದ ಹಾಗೆ ಕಾಣುತ್ತಿತ್ತೇನೋ. ಒಮ್ಮೆ ಸಂಜೆ ಚೌಪಾಟಿಯ ಕಡೆ ಬೆನ್ನು ಹಾಕಿ ನಿಂತು ಹೇಳಿದ್ದರು: "ಇಷ್ಟ್ ನೀರು ಇಟ್ಟು, ಕುಡೀಲಿಕ್ಕೆ ಬರದಂಗ ಮಾಡ್ಯಾನ. ಇದು ದೇವರ ಚಾಷ್ಟಿ ಅಲ್ದs ಮತ್ತೇನ್ರಿ ಬಾಯಾರ?" ಮುಂಬಯಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅವರು ಒಂದು ಸಲವೂ ನೀರಿಗೆ ಕಾಲಿಟ್ಟಿರಲಿಲ್ಲ. ಇದು ನನಗೆ ಗೊತ್ತಾದದ್ದು ಆಮೇಲೆ.

ಅಂಥವರು ನಮ್ಮ ಇಡೀ ಪ್ರದೇಶದಲ್ಲಿ ಸಮುದ್ರದ ಪ್ರಾಣಿಗಳು ಕುಟುಕಿದ್ದಕ್ಕೆ ಮದ್ದು ಮಾಡುವುದರಲ್ಲಿ ಎತ್ತಿದ ಕೈ. ಮಳೆಗಾಲ ಶುರುವಾಯಿತೆಂದರೆ ಗಾಳಿಗೆ ತೇಲಿಕೊಂಡು ನೀಲಿ ಬಲೂನಿನಂಥ ಜೆಲ್ಲಿ ಮೀನುಗಳು ದಂಡೆಗೆ ಬಂದು ಬೀಳುತ್ತವೆ. ನೋಡಲಿಕ್ಕೆ ಎಷ್ಟು ಚೆಂದವೋ ಅಷ್ಟೇ ಪಾಪಿಗಳು. ಅವುಗಳ ಕೆಳಗೆ ಜೋತಾಡುವ ದಾರ ತಗುಲಿದರೆ ಚರ್ಮದ ಮೇಲೆ ಚಾಟಿಯಲ್ಲಿ ಬಾರಿಸಿದ ಹಾಗೆ ಕೆಂಪು ಗೆರೆ ಏಳುತ್ತದೆ. ಮರುದಿನ ಗುಳ್ಳೆ, ಅದರ ಮರುದಿನ ತುರಿಕೆ. ನಮ್ಮ ದವಾಖಾನೆ ಚೌಪಾಟಿಗೆ ಹತ್ತಿರವಿದ್ದದ್ದರಿಂದ ಅಲ್ಲಿ ಕುಟುಕಿಸಿಕೊಂಡವರೆಲ್ಲ ಕುಂಟುತ್ತ ನಮ್ಮಲ್ಲಿಗೆ ಬರುತ್ತಿದ್ದರು. ಬರುವ ಮೊದಲು ಊರಿನವರೆಲ್ಲ ಹೇಳಿದ್ದನ್ನು ಹಚ್ಚಿಕೊಂಡಿರುತ್ತಿದ್ದರು. ಪಾನ್‌ವಾಲಾ ಕೊಟ್ಟ ಸುಣ್ಣ, ಭೇಲ್‌ಪುರಿಯವನು ಕೊಟ್ಟ ಈರುಳ್ಳಿ, ಹಲ್ಲಿನ ಪೇಸ್ಟು, ಸೀಮೆಎಣ್ಣೆ, ಒಬ್ಬನಂತೂ ಕಾಲಿಗೆ ಪೂರ್ತಿ ಪುದೀನ ಚಟ್ನಿ ಬಳಿದುಕೊಂಡು ಬಂದಿದ್ದ.

ನಾನು ಸೇರಿದ ಮೊದಲ ವಾರವೇ ಅಂಥ ಒಂದು ಕೇಸು ಬಂತು. ಹೊಸ ಡಾಕ್ಟರು, ಕುತ್ತಿಗೆಯಲ್ಲಿ ಹೊಸ ಸ್ಟೆತಾಸ್ಕೋಪು. ಕಂಪೌಂಡರರನ್ನು ಪಕ್ಕಕ್ಕೆ ಸರಿಸಿ, ಆ ಮನುಷ್ಯನ ತೋಳನ್ನು ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಆತ ಬೆಂಚಿನ ಮೇಲಿಂದ ಎದ್ದು ನೇರವಾಗಿ ರಸ್ತೆಗೆ ಹಾರಿದ. ಕಂಪೌಂಡರ್ ಹಿಂದೆಯೇ ಹೋಗಿ ಅವನನ್ನು ಕೈಹಿಡಿದು ಕರೆತಂದರು. ಮೂಲೆಯಲ್ಲಿದ್ದ ಕೊಡದಿಂದ ಸಮುದ್ರದ ನೀರು ತೆಗೆದು ತೋಳಿನ ಮೇಲೆ ಹೊಯ್ದರು. ಚಿಮುಟದಲ್ಲಿ ಕಣ್ಣಿಗೆ ಕಾಣದಂಥ ಎಳೆಗಳನ್ನು ಒಂದೊಂದಾಗಿ ತೆಗೆದರು. ಪಂಪ್ ಸ್ಟೋವಿನ ಮೇಲೆ ಸದಾ ಕಾಯುತ್ತಿದ್ದ ಕೆಟಲಿನ ನೀರನ್ನು ಬೋಗುಣಿಗೆ ಬಗ್ಗಿಸಿ, ಬಾಣಂತಿ ಮನೆಯಲ್ಲಿ ಅಜ್ಜಿಯರು ನೋಡುವ ಹಾಗೆ ಮೊಣಕೈ ಅದ್ದಿ ಬಿಸಿ ನೋಡಿ, ತಣ್ಣೀರು ಬೆರೆಸಿ, ಮತ್ತೆ ನೋಡಿ, ಆ ತೋಳನ್ನು ಅದರಲ್ಲಿ ಮುಳುಗಿಸಿದರು. ಕೊನೆಗೆ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್.

ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷ ಉಳಿದಿರುತ್ತದೆ, ಸಿಹಿನೀರು ಅಥವಾ ಸ್ಪಿರಿಟ್ ಬಿದ್ದರೆ ಅದೂ ಸಿಡಿಯುತ್ತದೆ, ಉಜ್ಜಿದರಂತೂ ಮುಗಿದೇ ಹೋಯಿತು. ಇದನ್ನು ಅವರು ನನಗಿಂತ ಮೊದಲು ಅಲ್ಲಿದ್ದ ಮುದಿ ಪಾರ್ಸಿ ಡಾಕ್ಟರರಿಂದ ಕಲಿತಿದ್ದರು. ಅಂದು ಮನೆಗೆ ಹೋಗಿ ನನ್ನ ದಪ್ಪ ಪುಸ್ತಕ ತೆಗೆದು ನೋಡಿದೆ. ಮೈಸೂರಿನವರಿಗೆ ಇದೆಲ್ಲ ಯಾಕೆಂದೋ ಏನೋ, ಆ ವಿಷಯಕ್ಕೆ ಎರಡೂವರೆ ಸಾಲು ಕೊಟ್ಟಿದ್ದರು.

ಇಲ್ಲಿಯವರೆಗೆ ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು ಇತ್ತು, ಅಷ್ಟೆ. ಸಿಟ್ಟು ಬಂದದ್ದು ಅವರ ಮಾತಿಗೆ. ರೋಗಿಯ ಕೈಯೋ ಕಾಲೋ ಬಿಸಿನೀರಿನಲ್ಲಿ ಇಳಿದ ಕೂಡಲೇ ಅವರು ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, ತಗ್ಗಿದ ದನಿಯಲ್ಲಿ ಶುರುಮಾಡುತ್ತಿದ್ದರು: "ನನಗೂ ಇಲ್ಲೇ ಹೊಡದಿತ್ತು ನೋಡ್ರಿ. ಇದs ಜಾಗಾ. ಇಪ್ಪತ್ತು ಮಿನಿಟು. ಇಪ್ಪತ್ತೊಂದನೇ ಮಿನಿಟಿಗೆ ನೀವ ಎದ್ದು ನಡೀತೀರಿ." ರೋಗಿ ಅಳು ನಿಲ್ಲಿಸಿ, ಎಲ್ಲಿ, ಯಾವಾಗ, ಹೇಗೆ ಎಂದು ಕೇಳುತ್ತಿದ್ದ. ಅವರು ಹೇಳುತ್ತ ಹೋಗುತ್ತಿದ್ದರು. ರತ್ನಾಗಿರಿಯವನು ಬಂದರೆ ಅವರಿಗೆ ಕುಟುಕಿದ್ದು ರತ್ನಾಗಿರಿಯಲ್ಲಿ, ಕಾರವಾರದವನು ಬಂದರೆ ಕಾರವಾರದಲ್ಲಿ. ಕೇಳುತ್ತ ಕೇಳುತ್ತ ಇಪ್ಪತ್ತು ಮಿನಿಟು ಕಳೆದುಹೋಗಿ, ಆತ ನಿಜವಾಗಿಯೂ ಎದ್ದು ನಡೆಯುತ್ತಿದ್ದ.

ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ಸುಳ್ಳು ಹೇಳಿದರೆ ಅಂದು ರಾತ್ರಿ ಊಟವಿಲ್ಲ. ಆ ಶಿಸ್ತಿನಲ್ಲಿ ಬೆಳೆದ ನಾನು ಪರದೆಯ ಹಿಂದೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಅವರ ಸುಳ್ಳುಗಳನ್ನು ಬರೆದಿಡತೊಡಗಿದೆ. ಎರಡು ಮಳೆಗಾಲದಲ್ಲಿ ಅವರ ದೇಹದ ಮೇಲೆ ಜೆಲ್ಲಿ ಮೀನು ಮುಟ್ಟದ ಜಾಗ ಉಳಿಯಲಿಲ್ಲ. ಬಲ ಮೊಣಕಾಲಿಗೇ ಏಳು ಸಲ ಕುಟುಕಿತ್ತು. ಮೂಗಿನ ತುದಿಗೂ ಕುಟುಕಿತ್ತು, ಯಾಕೆಂದರೆ ಅಂದು ಮೂಗಿನ ತುದಿಗೆ ಕುಟುಕಿಸಿಕೊಂಡ ಈಜುಗಾರನೊಬ್ಬ ಬಂದಿದ್ದ. ಒಬ್ಬ ದಪ್ಪ ಮಾರವಾಡಿಗೆ ಹೇಳಲಾಗದ ಜಾಗದಲ್ಲಿ ಕುಟುಕಿದಾಗ ಏನು ಹೇಳುತ್ತಾರೋ ನೋಡೋಣ ಎಂದು ನಾನು ಕಿವಿಗೊಟ್ಟು ಕೂತೆ. ಅಲ್ಲಿಗೂ ಹೊಡೆದಿತ್ತಂತೆ, ಎರಡು ಸಲ.

ಮೂರನೆಯ ವರ್ಷದ ಮಳೆಗಾಲದ ಮೊದಲಲ್ಲಿ ನನಗೆ ನಿಜ ಗೊತ್ತಾಯಿತು. ಬೆಳಿಗ್ಗೆ ಕೊಡದಲ್ಲಿ ಸಮುದ್ರದ ನೀರು ತಂದು ಇಡುತ್ತಿದ್ದವಳು ಯಮುನಾಬಾಯಿ ಎಂಬ ಮೀನು ಮಾರುವ ಹೆಂಗಸು. ಬಲೆ ಬಿಡಿಸುವಾಗ ಅವಳ ಕೈಗೆ ಏನಾದರೊಂದು ಚುಚ್ಚುತ್ತಲೇ ಇರುತ್ತಿತ್ತು, ವಾರಕ್ಕೊಮ್ಮೆ ತಾನೂ ಬಂದು ಕೈಯನ್ನು ಬಿಸಿನೀರಿನಲ್ಲಿ ಇಟ್ಟು ಕೂರುತ್ತಿದ್ದಳು. ಒಂದು ದಿನ ನಗುತ್ತ ಹೇಳಿದಳು, ನಿಮ್ಮ ಕಂಪೌಂಡರ್ ಸಮುದ್ರದ ನೀರು ಅಷ್ಟು ಉಪ್ಪಾಗಿರುತ್ತದೆಯೇ ಎಂದು ನನ್ನನ್ನೇ ಕೇಳುತ್ತಾನೆ, ಇಳಿದವನಲ್ಲ, ತೆರೆಗೆ ಕಾಲು ಸೋಕಿಸಿದವನೂ ಅಲ್ಲ. ಹಾಗಾದರೆ ಆ ಸುಳ್ಳನ್ನು ಕೇಳಿಕೊಂಡು ಯಾಕೆ ಕೂತಿರುತ್ತೀ ಎಂದೆ. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿ, "ಬರಂ ವಾಟತೆ," ಎಂದಳು. ಹಿತವಾಗಿರುತ್ತದೆ ಎಂದರ್ಥ.

ನಾನು ಅವರನ್ನು ಪರದೆಯ ಹಿಂದೆ ಕರೆದು ನೋಟ್‌ಬುಕ್ಕು ತೋರಿಸಿದೆ. ಬಲ ಮೊಣಕಾಲಿನ ಲೆಕ್ಕ ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿ, ಎಂಟು ಸಲ ಆಗಿರಬೇಕು, ಒಂದು ನೀವು ಬಿಟ್ಟಿದ್ದೀರಿ ಎಂದರು. ಆಮೇಲೆ ತಮ್ಮ ತಂದೆಯ ಕಥೆ ಹೇಳಿದರು. ಊರಿನಲ್ಲಿ ಚೇಳು ಕಡಿದವರೆಲ್ಲ ಅವರ ತಂದೆಯ ಹತ್ತಿರ ಬರುತ್ತಿದ್ದರಂತೆ. ಮಂತ್ರ ಅಂತ ಹೆಸರು, ಮಂತ್ರಗಿಂತ್ರ ಏನೂ ಇರಲಿಲ್ಲ, ಇಳಿಯುವ ತನಕ ಕೂತು ಮಾತಾಡುವುದು, ಅಷ್ಟೇ. ಅವರ ತಂದೆಗೆ ಲೆಕ್ಕವಿಲ್ಲದಷ್ಟು ಸಲ ಚೇಳು ಕಡಿದಿತ್ತಂತೆ. ನಿಜವಾಗಿಯೋ ಎಂದು ನಾನು ಕೇಳಲಿಲ್ಲ. ಕೇಳಿದರೆ ಮನೆತನದ ಮರ್ಯಾದೆಯ ಪ್ರಶ್ನೆಯಾಗುತ್ತಿತ್ತು. ನನ್ನ ದವಾಖಾನೆಯಲ್ಲಿ ರೋಗಿಗಳಿಗೆ ಸುಳ್ಳು ಹೇಳಕೂಡದು, ನಿಜ ಏನಿದೆಯೋ ಅದನ್ನು ಹೇಳಿ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಿ ಎಂದು ಅಪ್ಪಣೆ ಮಾಡಿದೆ. ಆಗಲಿ ಎಂದರು. ನಾಲ್ಕು ದಿನ ನಡೆಸಿಕೊಟ್ಟರು. ಐದನೆಯ ದಿನ ಅವರ ಎಡ ಹೆಗಲಿಗೆ ಅಲಿಬಾಗಿನಲ್ಲಿ ಕುಟುಕಿತು.

ಆ ವರ್ಷದ ಗಣಪತಿ ವಿಸರ್ಜನೆಯ ದಿನ ಎಂದಿನಂತೆ ಚೌಪಾಟಿಯ ಮರಳಿನ ಮೇಲೆ ನಮ್ಮದೊಂದು ಸಣ್ಣ ಡೇರೆ. ಎರಡು ಸ್ಟೋವು, ಎರಡು ಕೆಟಲು, ಒಂದು ಮೇಜು. ನೀರಿಗಿಳಿದವರಲ್ಲಿ ಕುಟುಕಿಸಿಕೊಂಡವರು ಬರುತ್ತಿದ್ದರು, ಕಂಪೌಂಡರ್ ಬೂಟು ಹಾಕಿಕೊಂಡು ನೀರಿನಿಂದ ನೂರು ಗಜ ದೂರದಲ್ಲಿ ನಿಂತು ಅವರಿಗೆ ತಮ್ಮ ಅನುಭವ ಹೇಳುತ್ತಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಾಕ್ ಯಾರ್ಡಿನ ಹಮಾಲರ ಗಣಪತಿ ಬಂತು. ಅವರೆಲ್ಲ ಬಿಜಾಪುರದ ಕಡೆಯವರು. ನಮ್ಮೂರ ಹಿರಿಯರು ಇಲ್ಲೇ ಇದ್ದಾರೆ, ಕೊನೆಯ ಆರತಿ ಅವರದೇ ಆಗಬೇಕು ಎಂದು ಹಟ ಹಿಡಿದರು. ಇವರು ಕೆಲಸವಿದೆ ಎಂದರು, ಸೊಂಟನೋವು ಎಂದರು. ನಡೆಯಲಿಲ್ಲ. ಹೆಗಲ ಮೇಲೆ ಕೈ ಹಾಕಿ ನಡೆಸಿಕೊಂಡೇ ಹೋದರು. ಮೂರ್ತಿಯನ್ನು ಒದ್ದೆ ಮರಳಿನ ಮೇಲೆ ಇಳಿಸಿದ್ದರು. ಬೂಟು ಹಾಕಿಕೊಂಡು ದೇವರಿಗೆ ಆರತಿ ಎತ್ತುವುದು ಹೇಗೆ? ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಂಪೌಂಡರ್ ಸಮುದ್ರದ ಎದುರಿನಲ್ಲಿ ಬೂಟು ಬಿಚ್ಚಿದರು.

ನಾನು ಡೇರೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಟ್ಟೆ ಎತ್ತಿದರು, ಕರ್ಪೂರ ಉರಿಯಿತು, ಒಂದು ಸಣ್ಣ ತೆರೆ ಮರಳಿನ ಮೇಲೆ ಹರಿದು ಬಂದು ಅವರ ಪಾದ ತೋಯಿಸಿ ಹಿಂದೆ ಹೋಯಿತು. ಮರುಕ್ಷಣ ಅವರು ಒಂಟಿ ಕಾಲಿನ ಮೇಲೆ ನೆಗೆದರು. ಇನ್ನೊಮ್ಮೆ ನೆಗೆದರು. ಅಂಥದೊಂದು ಕೂಗು ಆ ತಗ್ಗಿದ ದನಿಯ ಮನುಷ್ಯನ ಗಂಟಲಲ್ಲಿ ಇದ್ದೀತು ಎಂದು ನಾನು ಎಣಿಸಿರಲಿಲ್ಲ. ಹಮಾಲರು ಮೈಮೇಲೆ ದೇವರು ಬಂತೆಂದು ತಿಳಿದರು. ಹಲಗೆಯವರು ಇನ್ನಷ್ಟು ಜೋರಾಗಿ ಬಾರಿಸಿದರು. ಹಲಗೆಯ ಗತ್ತಿಗೆ ಸರಿಯಾಗಿ ಕಂಪೌಂಡರ್ ಒಂಟಿಗಾಲಲ್ಲಿ ಕುಣಿಯುತ್ತ ಸುತ್ತು ಹಾಕಿದರು, ಆದರೆ ಆರತಿಯ ತಟ್ಟೆಯನ್ನು ಬೀಳಿಸಲಿಲ್ಲ, ಕರ್ಪೂರ ಆರಲಿಲ್ಲ. ಅವರ ಪಾದದ ಸುತ್ತ ನೀಲಿ ದಾರ ಸುತ್ತಿಕೊಂಡದ್ದು ಕಂಡಾಗ ನಾನು ಓಡಿದೆ.

ಹೋಗಿ ನೋಡಿದರೆ ತಟ್ಟೆಯನ್ನು ಬೇರೆಯವರಿಗೆ ಕೊಟ್ಟು, ಮರಳಿನ ಮೇಲೆ ಕೂತು, ಬೊಗಸೆ ಬೊಗಸೆ ಮರಳು ತೆಗೆದು ಪಾದಕ್ಕೆ ಉಜ್ಜುತ್ತಿದ್ದಾರೆ. ಸಿಹಿನೀರು ತನ್ನಿ, ಸುಣ್ಣ ತನ್ನಿ ಎಂದು ಕೂಗುತ್ತಿದ್ದಾರೆ. ಇಪ್ಪತ್ತು ವರ್ಷ ಯಾವುದನ್ನು ಮಾಡಬೇಡಿ ಎಂದು ಜನಕ್ಕೆ ಬೈದಿದ್ದರೋ ಅಷ್ಟನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಿದ್ದರು. ನಾನು ಕೈ ಬಿಡಿಸಿ, ಡೇರೆಗೆ ಹೊರಿಸಿ ತಂದು, ಸಮುದ್ರದ ನೀರು ಹೊಯ್ದು, ಚಿಮುಟದಲ್ಲಿ ಎಳೆ ತೆಗೆದೆ. ಕೆಟಲಿನ ನೀರನ್ನು ಬೋಗುಣಿಗೆ ಬಗ್ಗಿಸಿ, ಮೊಣಕೈ ಅದ್ದಿ ನೋಡಿ, ಹದ ಮಾಡಿ, ಪಾದ ಇಳಿಸಿದೆ. ಒಂದು ತಪ್ಪಿಲ್ಲ. ಆ ಪಾರ್ಸಿ ಡಾಕ್ಟರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಇದರ ಬಗ್ಗೆ ಬೇರೆ ಬೇರೆ ಮಾತು ಹುಟ್ಟಿಕೊಂಡಿತು.

ಅರ್ಧ ಗಂಟೆ ಕಳೆದರೂ ಉರಿ ಇಳಿಯಲಿಲ್ಲ. ಮರಳು ಉಜ್ಜಿದ್ದರಲ್ಲ, ಎಲ್ಲಿಂದ ಇಳಿಯಬೇಕು? ಹಲ್ಲು ಕಚ್ಚಿಕೊಂಡು ನನ್ನನ್ನು ಕೇಳಿದರು, "ಇಪ್ಪತ್ತು ಮಿನಿಟು ಅಂತ ಹೇಳಿದವ ಯಾವಾಂವ್ರೀ?"

"ನೀವೇ," ಎಂದೆ.

ಸುತ್ತ ಹಮಾಲರು, ಹಿಂದಿನ ರೋಗಿಗಳು, ಯಮುನಾಬಾಯಿ, ಎಲ್ಲ ಸೇರಿದ್ದರು. ಒಬ್ಬ ಹಮಾಲ, ಮಾಮಾ ಇದು ಎಷ್ಟನೇದು ಎಂದು ಕೇಳಿದ. ಪಾಪ, ಕೀಟಲೆಯಿಂದ ಕೇಳಿದ್ದಲ್ಲ. ಅವರು ಯಾರ ಮುಖವನ್ನೂ ನೋಡದೆ, "ಇದs ಮೊದಲನೇದು," ಎಂದರು. ಚೌಪಾಟಿಯೇ ನಕ್ಕಿತು. ನಾನೂ ನಕ್ಕೆ. ಅವರು ನಗಲಿಲ್ಲ.

ಮರುದಿನದಿಂದ ಶುರುವಾಯಿತು ನಮ್ಮ ಕಷ್ಟ. ಕಾಲಿಗೆ ಬ್ಯಾಂಡೇಜು, ಅದರ ಮೇಲೆ ಗುಲಾಬಿ ಲೋಷನ್ನಿನ ಕಲೆ, ಹಾಗೇ ಕುಂಟುತ್ತ ಕೆಲಸಕ್ಕೆ ನಿಂತರು. ಒಬ್ಬ ರೋಗಿ ಬಂದ, ಇವರು ಅವನ ಕಾಲು ಹಿಡಿದುಕೊಂಡರು, ಎಳೆಗೆ ಚಿಮುಟ ಇಟ್ಟು, ಹಿಡಿಯದೆ ಹಿಂದೆ ತೆಗೆದರು. ಇಪ್ಪತ್ತು ಮಿನಿಟಿನಲ್ಲಿ ಇಳಿಯುತ್ತದೆ ಅಲ್ಲವೇ ಎಂದು ಆತ ಕೇಳಿದ. ಹಿಂದೆ ಯಾರೋ ಹೇಳಿ ಕಳಿಸಿದ್ದರು. ಇವರು ಅವನ ಕಾಲನ್ನೇ ದಿಟ್ಟಿಸಿ, "ಇಲ್ಲಪ. ಉರೀತದ. ನಾಳೆತನಕ ಉರೀತದ. ನಾಡಿದ್ದು ತುರಿಕಿ ಏಳ್ತದ, ನಿದ್ದಿ ಬರಂಗಿಲ್ಲ," ಎಂದರು. ಆತ ಇನ್ನೂ ಜೋರಾಗಿ ಅತ್ತ. ಅದನ್ನು ಕೇಳಿ ಬೆಂಚಿನ ಮೇಲಿದ್ದ ಇನ್ನೊಬ್ಬ ಸದ್ದಿಲ್ಲದೆ ಎದ್ದುಹೋದ. ಹೊರಗೆ ಫುಟ್‌ಪಾತಿನ ಮೇಲೆ ಬೇರು ನಾರು ಇಟ್ಟುಕೊಂಡು ಕೂತಿದ್ದ ವೈದ್ಯನಿಗೆ ಆ ವಾರ ಒಳ್ಳೆಯ ವ್ಯಾಪಾರ.

ಕರೆದು ಹೇಳಿದೆ, ಇಷ್ಟೊಂದು ನಿಜ ಬೇಡ ಎಂದು. ನಿಜ ಹೇಳಿ ಎಂದು ಅಪ್ಪಣೆ ಮಾಡಿದವಳೇ ನಾನು, ಈಗ ಮಾತು ಹೊರಡುವುದೇ ಕಷ್ಟವಾಯಿತು. ಅವರು ಬೇಸರವಿಲ್ಲದೆ ಉತ್ತರ ಕೊಟ್ಟರು. ಮೊದಲು ಎಷ್ಟು ನೋವು ಅಂತ ಗೊತ್ತಿರಲಿಲ್ಲ, ಅದಕ್ಕೆ ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಈಗ ಗೊತ್ತಾಗಿದೆ, ನಾಲಿಗೆ ಹೊರಳುವುದಿಲ್ಲ ಎಂದರು. ಆಮೇಲಾಮೇಲೆ ಕುಟುಕಿಸಿಕೊಂಡವರು ಬಂದರೆ ಅವರು ಕಪಾಟಿನ ಹಿಂದೆ ಹೋಗಿ ಶೀಶೆ ತೊಳೆಯುತ್ತ ನಿಲ್ಲತೊಡಗಿದರು. ನಾನೇ ಎಳೆ ತೆಗೆಯುತ್ತಿದ್ದೆ, ನಾನೇ ನೀರು ಬಿಡುತ್ತಿದ್ದೆ. ಕೆಲಸ ಚೊಕ್ಕ, ಆದರೆ ನನಗೆ ಮಾತಾಡಲಿಕ್ಕೆ ಬರುತ್ತಿರಲಿಲ್ಲ. ರೋಗಿಗಳು ಇಪ್ಪತ್ತು ಮಿನಿಟೂ ಕಿರುಚಿಕೊಂಡೇ ಕೂರುತ್ತಿದ್ದರು.

ಸುದ್ದಿ ಟ್ರಸ್ಟಿನ ಸೇಠ್‌ಜಿಯ ಕಿವಿಗೆ ಬಿತ್ತು. ಸೇಠ್‌ಜಿ ಬಟ್ಟೆ ವ್ಯಾಪಾರಿ, ಕೆಟ್ಟವರಲ್ಲ, ಆದರೆ ಎಲ್ಲವನ್ನೂ ಗಜಕಡ್ಡಿ ಹಿಡಿದು ಅಳೆಯುವವರು. ಕಂಪೌಂಡರರ ಹತ್ತಿರ ಸರ್ಟಿಫಿಕೇಟು ಇಲ್ಲ ಎಂಬುದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಆ ಪಾರ್ಸಿ ಡಾಕ್ಟರರ ಮಾತಿನ ಮೇಲೆ ಸುಮ್ಮನಿದ್ದರು. ಈಗ ಫೋನು ಮಾಡಿ, ಸರ್ಟಿಫಿಕೇಟು ಇರುವ ಹುಡುಗನೊಬ್ಬನನ್ನು ನೋಡಿಟ್ಟಿರುವುದಾಗಿಯೂ, ದಸರೆಯ ಹಿಂದಿನ ದಿನ ತಾವೇ ಬಂದು ನೋಡುವುದಾಗಿಯೂ, ಕಂಪೌಂಡರ್ ಬರಿ ಶೀಶೆ ತೊಳೆಯುವುದೇ ಆದರೆ ಅಂದೇ ನೋಟೀಸು ಕೊಡುವುದಾಗಿಯೂ ಹೇಳಿದರು. ಕಂಪೌಂಡರರ ಮಗಳು ಆ ವರ್ಷ ಮೆಟ್ರಿಕ್. ಹಿಂದಿನ ಕೋಣೆಯಿಂದ ಅವಳು ಗಟ್ಟಿಯಾಗಿ ಭೂಗೋಳ ಓದುವುದು ನನಗೆ ಪರದೆಯ ಈಚೆಗೆ ಕೇಳಿಸುತ್ತಿತ್ತು. ಕಂಪೌಂಡರರಿಗೆ ವಿಷಯ ತಿಳಿಸಿದೆ. ಆಗಲಿ ಎಂದು ಹೇಳಿ ಹೋಗಿ ಸ್ಟೋವಿಗೆ ಪಂಪು ಹೊಡೆದರು.

ಸೇಠ್‌ಜಿ ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು, ಕೋಟಿನ ಜೇಬಿನಿಂದ ನೋಟೀಸಿನ ಲಕೋಟೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತರು. ಹತ್ತು ನಿಮಿಷದಲ್ಲಿ ಒಂದು ಜೋಡಿ ಒಳಗೆ ಬಂತು. ಮುಲುಂಡಿನ ಬ್ಯಾಂಕ್ ಗುಮಾಸ್ತ, ಮದುವೆಯಾಗಿ ಹದಿನೈದು ದಿನವಂತೆ. ಹೆಂಡತಿಗೆ ಚೌಪಾಟಿ ತೋರಿಸಲು ಕರೆತಂದು, ಪ್ಯಾಂಟು ಮಡಿಸಿ ನೀರಿಗಿಳಿದಿದ್ದಾನೆ. ಮೀನಖಂಡದ ತುಂಬ ಕೆಂಪು ಗೆರೆ. ಹೊಸ ಹೆಂಡತಿಯ ಎದುರಿಗೆ ಅಳಬಾರದು ಎಂದು ತುಟಿ ಕಚ್ಚಿಕೊಂಡಿದ್ದ, ಕಣ್ಣಿನಿಂದ ಮಾತ್ರ ಧಾರೆ ಧಾರೆ ನೀರು. ಅವನಿಗಿಂತ ಜೋರಾಗಿ ಹೆಂಡತಿ ಅಳುತ್ತಿದ್ದಳು. ನಾನು ಪರದೆ ಸರಿಸಿ ಎದ್ದೆ. ಕಂಪೌಂಡರ್ ಕೈಯಲ್ಲೇ ನಿಲ್ಲಿ ಎಂದು ಸನ್ನೆ ಮಾಡಿ, ಸ್ಟೂಲು ಎಳೆದುಕೊಂಡು ಕೂತರು. ನೀರು ಹೊಯ್ದು ಚಿಮುಟ ಎತ್ತಿಕೊಂಡರು. ಚಿಮುಟ ಎಳೆಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಸೇಠ್‌ಜಿ ಅದನ್ನೇ ನೋಡುತ್ತಿದ್ದರು. ನಾನು ಪರದೆಯ ಅಂಚು ಬಿಗಿಯಾಗಿ ಹಿಡಿದುಕೊಂಡು ನಿಂತೆ.

ಕಂಪೌಂಡರ್ ಮಾತು ತೆಗೆದರು. ಹಿಂದಿ, ಮರಾಠಿ, ಕನ್ನಡ ಮೂರೂ ಕಲಸಿದ, ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ತಿಳಿಯುವ ಅವರದೇ ಭಾಷೆಯಲ್ಲಿ. ತನಗೂ ಕುಟುಕಿದೆ, ಒಂದೇ ಒಂದು ಸಲ ಎಂದರು. ಎಷ್ಟು ನೋವೆಂದು ನಿನಗೆ ಹೇಳಬೇಕಾಗಿಲ್ಲ, ನಾನು ಇಡೀ ಊರಿಗೆ ಕೇಳುವ ಹಾಗೆ ಕೂಗಿದೆ, ನೀನು ಗಟ್ಟಿಗ ಎಂದರು. ಆರತಿ ತಟ್ಟೆ ಹಿಡಿದು ಒಂಟಿಗಾಲಲ್ಲಿ ಕುಣಿದದ್ದು, ಹಲಗೆಯವರು ಬಾರಿಸಿದ್ದು, ಮರಳು ಉಜ್ಜಿಕೊಂಡದ್ದು, ಎಲ್ಲವನ್ನೂ ಬಿಡಿಸಿ ಹೇಳಿದರು. ಒಂದಕ್ಷರ ಸುಳ್ಳಿಲ್ಲ. ಹೆಂಡತಿ ಅಳು ನಿಲ್ಲಿಸಿದ್ದಳು. ಗಂಡನ ಮುಖ ಮಾತ್ರ ಇನ್ನೂ ಹಿಂಡಿಕೊಂಡೇ ಇತ್ತು. ಕಂಪೌಂಡರ್ ಅವನ ಮುಖ ನೋಡಿದರು, ಒಮ್ಮೆ ಲಕೋಟೆಯ ಕಡೆ ನೋಡಿದರು, ದನಿ ಇನ್ನೂ ತಗ್ಗಿಸಿದರು.

"ಆಮ್ಯಾಲ ನಮ್ಮ ಡಾಕ್ಟರ್ ಬಾಯಾರು ಓಡಿ ಬಂದ್ರು. ಭಾಳ ದೊಡ್ಡ ಡಾಕ್ಟರು, ಮೈಸೂರಾಗ ಕಲತವರು. ಗಾಬರಿಯೊಳಗ ಬಿಸಿನೀರಂತ ತಿಳದು, ಒಂದು ಕೆಟಲು ಚಾ ತಂದು ನನ್ನ ಕಾಲಿಗೆ ಸುರುವಿಬಿಟ್ರು. ಹಾಲು ಹಾಕಿದ ಚಾ."

ಹುಡುಗಿ ಮೊದಲು ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು. ಅವಳು ನಕ್ಕದ್ದು ನೋಡಿ ಅವನಿಗೂ ತಡೆಯಲಾಗಲಿಲ್ಲ. ಅಳುತ್ತಿದ್ದ ಮುಖದಲ್ಲೇ ಗೊಳ್ಳೆಂದು ನಕ್ಕ. ಕಂಪೌಂಡರ್ ಆ ಚಹಾದ ವಾಸನೆಗೆ ಬ್ಯಾಂಡೇಜಿನಲ್ಲಿ ಇರುವೆ ಗೂಡು ಕಟ್ಟಿದ್ದನ್ನೂ ಸೇರಿಸಿ ಮುಂದುವರಿಸಿದರು. ಚಿಮುಟ ಒಂದೊಂದೇ ಎಳೆಯನ್ನು ಹಿಡಿದು ಹಿಡಿದು ತೆಗೆಯುತ್ತಿತ್ತು, ಆತ ಕಾಲು ಹಿಂದೆಳೆಯಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಚಹಾ ಸುರಿದೆನೇ? ಮೊಣಕೈ ಅದ್ದಿ ನೋಡಿ, ಹದ ಮಾಡಿ ಬಿಟ್ಟ ನೀರು ಅದು. ಪರದೆಯನ್ನು ಸರ್ರನೆ ಸರಿಸಿಕೊಂಡು ಮುಂದೆ ಬಂದೆ. ಅಷ್ಟರಲ್ಲಿ ಸೇಠ್‌ಜಿ ಬೆಂಚಿನ ಮೇಲೆ ತಿರುಗಿ ಕೂತು, ಗಂಭೀರವಾಗಿ ಕೇಳಿದರು, "ಡಾಕ್ಟರ್, ಯೇ ಸಚ್ ಹೈ?"

ಕೋಣೆಯಲ್ಲಿದ್ದ ಎಲ್ಲರೂ ನನ್ನ ಕಡೆ ನೋಡಿದರು. ಕಂಪೌಂಡರ್ ಮಾತ್ರ ನೋಡಲಿಲ್ಲ, ಬಗ್ಗಿ ಚಿಮುಟ ಹಿಡಿದು ಹಾಗೇ ಕೂತುಬಿಟ್ಟಿದ್ದರು. ಏನು ಹೇಳಿಬಿಟ್ಟೆ ಎಂಬುದು ಅವರಿಗೆ ಆಗ ಹೊಳೆದಿರಬೇಕು, ಕಿವಿ ಕೆಂಪಾಗಿತ್ತು. ಇಲ್ಲ ಎಂದರೆ ನನ್ನ ಮಾನ ಉಳಿಯುತ್ತಿತ್ತು, ಲಕೋಟೆ ಅವರ ಕೈಗೆ ಹೋಗುತ್ತಿತ್ತು. ಗುಮಾಸ್ತ ಇನ್ನೂ ನಗುತ್ತ, ಉತ್ತರಕ್ಕಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಅವನ ಕಾಲಿನಲ್ಲಿ ಇನ್ನೂ ಎರಡು ಮೂರು ಎಳೆ ಉಳಿದಿದ್ದವು.

"ಹಾಂ ಸೇಠ್‌ಜಿ, ಸಚ್ ಹೈ," ಎಂದೆ. ಸಾಲದು ಅನ್ನಿಸಿ, "ಶಕ್ಕರ್ ಭೀ ಡಾಲಾ ಹುವಾ ಥಾ," ಎಂದು ಸೇರಿಸಿದೆ. ಸಕ್ಕರೆಯನ್ನೂ ಹಾಕಿತ್ತು ಎಂದೆ.

ಸೇಠ್‌ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಲಕೋಟೆಯನ್ನು ಜೇಬಿಗೆ ಸೇರಿಸಿದರು. ದವಾಖಾನೆಯ ರಿಜಿಸ್ಟರು ತರಿಸಿಕೊಂಡು ದಪ್ಪ ಅಕ್ಷರದಲ್ಲಿ ಬರೆದರು: ಇಂದಿನಿಂದ ಡಾಕ್ಟರ್ ಬಿಸಿನೀರನ್ನು ಬಳಸುವಾಗಲೆಲ್ಲ ಕಂಪೌಂಡರ್ ತಪ್ಪದೆ ಹತ್ತಿರ ಇರತಕ್ಕದ್ದು. ಅವರನ್ನು ಈ ಕೆಲಸದಿಂದ ತೆಗೆಯಕೂಡದು. ಬರೆದು ಸಹಿ ಮಾಡಿ, ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಪೆನ್ನು ಚಾಚಿದರು. ನಾನು ಓದಿ, ಕೆಳಗೆ ನನ್ನ ಡಿಗ್ರಿಯ ಸಮೇತ ಸಹಿ ಹಾಕಿದೆ.